ಕೈಮರ ಇಳಿದ ಊರುಗಳು, ಇಳಿಯದ ಊರುಗಳು

ತುಮಕೂರು ಜಿಲ್ಲೆಯ ಭೂಪಟವನ್ನು ಬಿಡಿಸಿ ನೋಡಿದರೆ ಉತ್ತರ ಮತ್ತು ಈಶಾನ್ಯದ ಕಡೆಗೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಒಂದರ ಮಗ್ಗುಲಿಗೆ ಒಂದು ಹರಡಿಕೊಂಡಿವೆ. ಇವುಗಳ ದಕ್ಷಿಣ ಮತ್ತು ಪಶ್ಚಿಮಕ್ಕೆ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರುಗಳ ಮೂಲಕ ಹರಿಹರದತ್ತ ಹೋಗುವ ರೈಲುಮಾರ್ಗವಿದೆ. ಪೂರ್ವಕ್ಕೆ ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರಗಳ ಮೂಲಕ ಗುಂತಕಲ್ಲಿಗೆ ಹೋಗುವ ಮತ್ತೊಂದು ಮಾರ್ಗವಿದೆ. ಇವೆರಡೂ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಸಿದ್ಧವಾದವು. ಆದರೆ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ಒಂದು ಮಾರು ಹಳಿಯೂ ಬೀಳಲಿಲ್ಲ. ಎರಡು ತುಂಬು ಹೊಳೆಗಳ ನಡುವಿನ ಬಯಲಿನಂತೆ ಈ ಸೀಮೆ ಒಣಗಿಯೇ ಉಳಿಯಿತು.

ಹಾಗೆಂದು ಇಲ್ಲಿಯ ಜನರಿಗೆ ರೈಲು ಅಪರಿಚಿತವೆಂದಲ್ಲ. ನಮ್ಮ ಹಿರಿಯರ ಬಾಯಲ್ಲಿ ‘ಠೇಸನ್ನು’ ಎಂಬುದು ಬಹು ಹಳೆಯ ಮಾತು. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಕಡೆಯವರಿಗೆ ಠೇಸನ್ನೆಂದರೆ ತೊಂಡೇಬಾವಿ, ಮಧುಗಿರಿಯ ಪೂರ್ವದ ಹೋಬಳಿಗಳವರಿಗೆ ಗೌರಿಬಿದನೂರು ಅಥವಾ ಹಿಂದೂಪುರ, ಪಾವಗಡದವರಿಗೆ ಹಿಂದೂಪುರ, ಪೆನುಕೊಂಡ, ಶಿರಾದವರಿಗೆ ತುಮಕೂರು. ಈ ನಾಲ್ಕು ತಾಲ್ಲೂಕುಗಳ ರೈಲಿನ ಚರಿತ್ರೆಯನ್ನು ಬರೆಯಹೊರಟರೆ ಅವುಗಳ ಗಡಿಯಾಚೆಗಿರುವ ಸಣ್ಣ ಸಣ್ಣ ನಿಲ್ದಾಣಗಳ ಚರಿತ್ರೆಯನ್ನೇ ಬರೆಯಬೇಕಾಗುತ್ತದೆ.

ಬರ ತಂದ ಉಗಿಬಂಡಿ

ನಮ್ಮ ನಾಡಿಗೆ ರೈಲನ್ನು ಕರೆತಂದದ್ದು ವೈಭವವಲ್ಲ, ಹಸಿವು. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಭೀಕರ ಕ್ಷಾಮವನ್ನು ಜನ ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರದ ಬರ’ವೆಂದು ಕರೆದರು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯ ವೇಳೆಗೆ ನಲವತ್ತೆರಡು ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಆಗ ಸಂಸ್ಥಾನದಲ್ಲಿ ಇದ್ದದ್ದು ಒಂದೇ ರೈಲುಮಾರ್ಗ, ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದದ್ದು. ಮದರಾಸಿನ ಕಡೆಯಿಂದ ಧಾನ್ಯದ ಮೂಟೆಗಳು ಬೆಂಗಳೂರಿಗೇನೋ ಬಂದವು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಉರುಳಿಬೀಳುತ್ತಿದ್ದ ಕಾಲದಲ್ಲಿ ಗಾಡಿಯನ್ನು ಎಳೆಯುವವರಾರು? ಬೆಂಗಳೂರಿನಲ್ಲಿ ಧಾನ್ಯದ ರಾಶಿ, ಒಳನಾಡಿನಲ್ಲಿ ಹೆಣದ ರಾಶಿ ಎಂಬ ಸ್ಥಿತಿ ಉಂಟಾಯಿತು.

ಈ ಪಾಠವನ್ನು ಸರಕಾರ ಕಲಿತದ್ದು ತಡವಾಗಿಯೇ ಆದರೂ ಕಲಿತದ್ದು ನಿಜ. ಬೆಂಗಳೂರು–ಮೈಸೂರು ಮಾರ್ಗದ ಮಣ್ಣಿನ ಕೆಲಸ ಬರಪರಿಹಾರದ ಕಾಮಗಾರಿಯಾಗಿಯೇ ಆರಂಭವಾಯಿತು. ೧೮೮೧ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿತು. ಮರುವರ್ಷ ಮೈಸೂರಿನವರೆಗೆ ಹಳಿ ಮುಟ್ಟಿತು. ದಿವಾನ್ ರಂಗಾಚಾರ್ಲು ಹಾಗೂ ಅವರ ತರುವಾಯ ಬಂದ ಶೇಷಾದ್ರಿ ಅಯ್ಯರ್ ಇಬ್ಬರೂ ರೈಲನ್ನು ಬರಕ್ಕೆ ಕಟ್ಟುವ ಒಡ್ಡೆಂದೇ ಬಗೆದವರು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ಗಾಡಿ ಬಂದಿತು. ಮುಂದಿನ ಹಾದಿಗೆ ಹಣ ಸಾಲದೆ ಮಾರ್ಗವನ್ನು ೧೮೮೬ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿದರು. ೧೮೮೯ರ ವೇಳೆಗೆ ಅದು ಹರಿಹರವನ್ನು ಸೇರಿ ಪುಣೆಯ ಕಡೆಯ ಹಳಿಗಳೊಡನೆ ಕೂಡಿಕೊಂಡಿತು.

ಇಲ್ಲಿಯೇ ಶಿರಾದ ಹಣೆಬರಹ ಬರೆದದ್ದು. ಬೆಂಗಳೂರಿನಿಂದ ಪುಣೆಗೆ ಹೋಗುವ ಹಳೆಯ ಹೆದ್ದಾರಿ ತುಮಕೂರಿನಿಂದ ನೇರವಾಗಿ ಉತ್ತರಕ್ಕೆ ಸಾಗಿ ಶಿರಾ, ಹಿರಿಯೂರು, ಚಿತ್ರದುರ್ಗಗಳನ್ನು ದಾಟಿ ದಾವಣಗೆರೆ, ಹರಿಹರಗಳಿಗೆ ಹೋಗುತ್ತಿತ್ತು. ಇಂದಿನ ರಾಷ್ಟ್ರೀಯ ಹೆದ್ದಾರಿಯೂ ಹೆಚ್ಚುಕಡಿಮೆ ಅದೇ. ರೈಲು ಮಾತ್ರ ತುಮಕೂರಿನಲ್ಲಿ ಎಡಕ್ಕೆ ಹೊರಳಿ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳ ಬಳಸುದಾರಿಯನ್ನು ಹಿಡಿಯಿತು. ತೆಂಗಿನ ಸೀಮೆಗೂ ಮಲೆನಾಡಿನ ಅಂಚಿಗೂ ಅದರಿಂದ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಒಂದು ಕಾಲಕ್ಕೆ ಸಾಧಾರಣ ಊರಾಗಿದ್ದ ತಿಪಟೂರು ಕೊಬ್ಬರಿಯ ಪೇಟೆಯಾಗಿ ಹೆಸರಾಯಿತು. ಅರಸೀಕೆರೆ, ಬೀರೂರುಗಳು ಜಂಕ್ಷನ್‌ಗಳಾಗಿ ಬೆಳೆದವು. ಆದರೆ ಮೊಗಲರ ಸುಭಾದ ರಾಜಧಾನಿಯಾಗಿ ಮೆರೆದ ಶಿರಾ, ದಿಲಾವರ್ ಖಾನನ ಕಾಲದಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಗೆಜೆಟಿಯರುಗಳು ಹೇಳುವ ಶಿರಾ, ಎರಡನೆಯ ಬಾರಿಗೆ ಪೆಟ್ಟು ತಿಂದಿತು. ಮೊದಲ ಪೆಟ್ಟು ಟಿಪ್ಪುವಿನ ಕಾಲದ್ದು. ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಲು ಹನ್ನೆರಡು ಸಾವಿರ ಕುಟುಂಬಗಳನ್ನು ಇಲ್ಲಿಂದ ಎಬ್ಬಿಸಿಕೊಂಡು ಹೋದನೆಂಬ ದಾಖಲೆಯಿದೆ. ಎರಡನೆಯ ಪೆಟ್ಟಿನಲ್ಲಿ ಯಾರೂ ಯಾರನ್ನೂ ಎಬ್ಬಿಸಲಿಲ್ಲ. ವ್ಯಾಪಾರವು ತಾನಾಗಿ ಎದ್ದು ಹಳಿಯ ಬದಿಗೆ ಹೋಯಿತು. ಶಿರಾದ ಕಂಬಳಿಯ ಹೊರೆಗಳು ತುಮಕೂರಿನ ಗೂಡ್ಸ್ ಷೆಡ್ಡನ್ನು ಮುಟ್ಟಲು ಸುಮಾರು ಐವತ್ತು ಕಿಲೋಮೀಟರು ಗಾಡಿಯಲ್ಲಿ ಕುಲುಕಬೇಕಾಯಿತು.

ಪೂರ್ವದ ಹಿಂದೂಪುರ ಮಾರ್ಗ ೧೮೯೦ರ ದಶಕದ ಆರಂಭದಲ್ಲಿ ಬಂದಿತು. ಮಾಕಳಿದುರ್ಗದ ಬೆಟ್ಟದ ಬುಡವನ್ನು ಬಳಸಿ, ತೊಂಡೇಬಾವಿಯನ್ನು ಹಾದು ಗೌರಿಬಿದನೂರಿನ ಬಯಲಿಗಿಳಿಯುವ ಈ ಹಾದಿ ಮಧುಗಿರಿ, ಕೊರಟಗೆರೆಗಳ ಕಣ್ಣಳತೆಯಲ್ಲೇ ಸಾಗಿಹೋಯಿತು. ಆದರೆ ಒಳಗೆ ಕಾಲಿಡಲಿಲ್ಲ.

ಸಣ್ಣ ನಿಲ್ದಾಣದ ದೊಡ್ಡ ದಿನಚರಿ

ಮೀಟರ್ ಗೇಜಿನ ಕಾಲದ ಹಳ್ಳಿಯ ನಿಲ್ದಾಣವೆಂದರೆ ಏನಿರುತ್ತಿತ್ತು? ಕಲ್ಲುಕಟ್ಟಡದ ಒಂದು ಚಿಕ್ಕ ಮನೆ, ಮುಂದೆ ತಗ್ಗಾದ ಜಗುಲಿಯಂಥ ಪ್ಲಾಟ್‌ಫಾರಂ, ಎರಡು ಬೇವಿನ ಮರ ಅಥವಾ ಒಂದು ಆಲ, ಒಂದು ನೀರಿನ ತೊಟ್ಟಿ, ಬದಿಯಲ್ಲಿ ತಗಡಿನ ಗೂಡ್ಸ್ ಷೆಡ್ಡು, ಹಿಂದೆ ಸಿಬ್ಬಂದಿಯ ನಾಲ್ಕು ಮನೆ. ಊರಿನ ಹೆಸರನ್ನು ಬರೆದ ಹಲಗೆಯ ಕೆಳಗೆ ಸಮುದ್ರಮಟ್ಟದಿಂದ ಆ ಜಾಗ ಎಷ್ಟು ಎತ್ತರದಲ್ಲಿದೆಯೆಂಬ ಲೆಕ್ಕ. ಸಮುದ್ರವನ್ನೇ ಕಾಣದ ನಮ್ಮ ರೈತರಿಗೆ ಅದೊಂದು ವಿಸ್ಮಯ. ಗಂಟೆಯೆಂದರೆ ದೇವಸ್ಥಾನದ ಗಂಟೆಯಲ್ಲ. ನೇತುಹಾಕಿದ ಒಂದು ತುಂಡು ಹಳಿ. ಅದನ್ನು ಕಬ್ಬಿಣದ ಸರಳಿನಿಂದ ಬಾರಿಸಿದಾಗ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೂ ಗಾಡಿ ಹಿಂದಿನ ನಿಲ್ದಾಣವನ್ನು ಬಿಟ್ಟಿತೆಂದು ತಿಳಿಯುತ್ತಿತ್ತು. ಗಡಿಯಾರವಿಲ್ಲದ ಹಳ್ಳಿಗಳಲ್ಲಿ ಹಾಲು ಕರೆಯುವ ಹೊತ್ತನ್ನು, ಬುತ್ತಿ ಒಯ್ಯುವ ಹೊತ್ತನ್ನು ಗಾಡಿಯ ಸದ್ದಿನಿಂದ ಗೊತ್ತುಮಾಡುತ್ತಿದ್ದರು.

ಹಳಿ ಒಂದೇ, ಬರುವ ಗಾಡಿಗೂ ಅದೇ, ಹೋಗುವ ಗಾಡಿಗೂ ಅದೇ. ಎರಡು ಗಾಡಿಗಳು ಎದುರುಬದುರಾಗದಂತೆ ನೋಡಿಕೊಳ್ಳುವುದೇ ನಿಲ್ದಾಣದ ಮೊದಲ ಕೆಲಸ, ಟಿಕೀಟು ಮಾರುವುದು ಆಮೇಲಿನದು. ಇದಕ್ಕಾಗಿ ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಕೂಡಿಸಿದ ಒಂದೊಂದು ಯಂತ್ರವಿರುತ್ತಿತ್ತು. ಮುಂದಿನ ನಿಲ್ದಾಣದ ಮಾಸ್ತರು ಅಲ್ಲಿಂದ ಅನುಮತಿ ಕೊಟ್ಟಾಗ ಮಾತ್ರ ಇಲ್ಲಿಯ ಯಂತ್ರದಿಂದ ಒಂದು ಉಕ್ಕಿನ ಗುಂಡು ಹೊರಗೆ ಉರುಳುತ್ತಿತ್ತು. ಆ ಗುಂಡನ್ನು ತೊಗಲಿನ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಇಂಜಿನ್ನಿನವರ ಕೈಗೆ ಕೊಡುತ್ತಿದ್ದರು. ಗುಂಡು ಕೈಯಲ್ಲಿಲ್ಲದೆ ಡ್ರೈವರು ಗಾಡಿಯನ್ನು ಒಂದು ಅಡಿಯೂ ಮುಂದೆ ಬಿಡುವಂತಿಲ್ಲ. ಒಂದು ಗುಂಡು ಹೊರಗಿರುವ ತನಕ ಎರಡು ಕಡೆಯ ಯಂತ್ರಗಳೂ ಇನ್ನೊಂದನ್ನು ಕೊಡುವುದಿಲ್ಲ. ಮನುಷ್ಯನ ಮರೆವನ್ನು ಯಂತ್ರ ಕಾಯುವ ಈ ಏರ್ಪಾಡು ಎಷ್ಟು ಸರಳ, ಎಷ್ಟು ಭದ್ರ! ನಿಲ್ಲದೆ ಓಡುವ ಗಾಡಿಯ ಬಾಗಿಲಿನಿಂದ ತೋಳನ್ನು ಚಾಚಿ ಆ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಫೈರ್‌ಮನ್‌ನ ಚಾಕಚಕ್ಯವನ್ನು ನೋಡಲು ಶಾಲೆಯ ಹುಡುಗರು ಬೇಲಿಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು.

ಕೈಮರದ ಕೆಲಸವೂ ಹೀಗೆಯೇ. ಕಂಬದ ಮೇಲಿನ ಕೈ ಅಡ್ಡಲಾಗಿದ್ದರೆ ಗಾಡಿ ನಿಲ್ಲಬೇಕು, ಇಳಿದರೆ ಬರಬಹುದು. ‘ಕೈಮರ ಇಳೀತು’ ಎಂಬ ಮಾತು ಎಷ್ಟು ಬಳಕೆಯಾಗಿತ್ತೆಂದರೆ, ಮಳೆಯ ಮೋಡ ಕವಿದಾಗಲೂ, ಕನ್ಯೆಯ ಕಡೆಯವರು ಒಪ್ಪಿಗೆ ಸೂಚಿಸಿದಾಗಲೂ ಗಡಿಭಾಗದ ಹಿರಿಯರು ನಗುತ್ತ ಅದನ್ನೇ ಆಡುತ್ತಿದ್ದುದುಂಟು. ಪ್ರತಿ ಸಂಜೆ ಸೀಮೆಎಣ್ಣೆಯ ದೀಪವನ್ನು ಹಿಡಿದು ಏಣಿಯೇರಿ ಆ ಕಂಬಗಳಿಗೆ ಬೆಳಕು ಮುಡಿಸುತ್ತಿದ್ದ ಪೋರ್ಟರನ ಕೆಲಸ ಯಾವ ಕಾಯಕಕ್ಕೆ ಕಡಿಮೆ? ಮಳೆಯಿರಲಿ ಗಾಳಿಯಿರಲಿ, ಅವನು ಒಂದು ದಿನ ಮೈಗಳ್ಳನಾದರೆ ನೂರಾರು ಜೀವಗಳಿಗೆ ಕುತ್ತು.

ಟಿಕೀಟು ಎಂದರೆ ಗಟ್ಟಿ ರಟ್ಟಿನ ಚಿಕ್ಕ ತುಂಡು. ಮಾಸ್ತರು ಅದನ್ನು ಯಂತ್ರದ ಬಾಯಿಗೆ ಕೊಟ್ಟು ‘ಟಕ್’ ಎಂದು ತಾರೀಖು ಒತ್ತಿ ಕಿಟಕಿಯಿಂದ ಹೊರಗೆ ತಳ್ಳುತ್ತಿದ್ದರು. ಅದನ್ನು ಸೆರಗಿನ ತುದಿಗೆ ಗಂಟುಹಾಕಿಕೊಳ್ಳದ ಹೆಂಗಸರಿಲ್ಲ. ಎಲ್ಲ ಜಾತಿಯವರೂ ಒಂದೇ ಮರದ ಬೆಂಚಿನ ಮೇಲೆ ಮಗ್ಗುಲಿಗೆ ಮಗ್ಗುಲು ತಾಗಿಸಿ ಕೂರಬೇಕಾಗಿ ಬಂದದ್ದು ನಮ್ಮ ಅನೇಕ ಹಳ್ಳಿಗಳವರಿಗೆ ಮೊದಲಿಗೆ ಮೂರನೆಯ ದರ್ಜೆಯ ಡಬ್ಬಿಯಲ್ಲಿಯೇ. ಅನುಭವ ಮಂಟಪದ ಸಂತತಿಯೆಂದು ಹೇಳಿಕೊಳ್ಳುವ ನಾವು ಊರೊಳಗೆ ಮಾಡಲು ಹಿಂದೆಗೆದುದನ್ನು ಒಂಬತ್ತು ಕಾಸಿನ ರಟ್ಟು ಮಾಡಿಸಿತೆಂದರೆ ಕೆಲವರಿಗೆ ಕಹಿಯೆನಿಸೀತು. ಆದರೂ ಹೇಳದೆ ವಿಧಿಯಿಲ್ಲ.

ಸುಗ್ಗಿಯ ನಂತರ ಗೂಡ್ಸ್ ಷೆಡ್ಡಿನ ಸಂಭ್ರಮ ಬೇರೆ. ಈ ಬಯಲುಸೀಮೆಯ ಕಡಲೆಕಾಯಿ, ಹುಣಸೆಹಣ್ಣು, ಹರಳು, ಬೆಲ್ಲ ಗಾಡಿಗಟ್ಟಲೆ ಬಂದು ಬೀಳುತ್ತಿದ್ದವು. ಹಿಂದೂಪುರ ಬೆಲ್ಲ, ಹುಣಸೆಗಳ ದೊಡ್ಡ ಮಂಡಿಯಾದದ್ದರಲ್ಲಿ ಗಡಿಯ ಈಚೆಗಿನ ಕನ್ನಡ ರೈತರ ಬೆವರಿನ ಪಾಲು ಸಣ್ಣದಲ್ಲ.

ಕ್ಯಾತ್ಸಂದ್ರದ ಹಾದಿ

ನಮ್ಮ ಓದುಗರಲ್ಲಿ ಬಹುಮಂದಿಗೆ ಹತ್ತಿರವಾದ ನಿಲ್ದಾಣವೊಂದನ್ನು ಇಲ್ಲಿ ನೆನೆಯಲೇಬೇಕು. ಬೆಂಗಳೂರಿನಿಂದ ಬರುವಾಗ ತುಮಕೂರಿಗೆ ಹಿಂದಿನದೇ ಕ್ಯಾತ್ಸಂದ್ರ. ಹೆಸರಾಂತ ಗಾಡಿಗಳು ನಿಲ್ಲದೆ ಹಾದುಹೋಗುವ ಸಣ್ಣ ನಿಲ್ದಾಣ. ಆದರೆ ಅಲ್ಲಿಂದ ಶ್ರೀ ಸಿದ್ಧಗಂಗಾ ಮಠಕ್ಕೆ ನಡೆದೇ ಹೋಗಬಹುದು. ಉದ್ದಾನ ಶಿವಯೋಗಿಗಳ ಕಾಲದಲ್ಲಿ, ೧೯೧೭ರಲ್ಲಿ, ಮಠದಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ೧೯೩೦ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ ೧೯೪೧ರಲ್ಲಿ ಮಠದ ಹೊಣೆಯನ್ನು ಹೊತ್ತ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳ ಭೇದವಿಲ್ಲದೆ ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತ ಬಂದರು. ೨೦೧೯ರ ಜನವರಿ ೨೧ರಂದು ಅವರು ಲಿಂಗೈಕ್ಯರಾದಾಗ ಅವರಿಗೆ ನೂರಹನ್ನೊಂದು ವರ್ಷ. ಮಠದ ನೆರಳಿನಲ್ಲಿ ಕಲಿಯುತ್ತಿದ್ದ ಮಕ್ಕಳ ಸಂಖ್ಯೆ ಹತ್ತು ಸಾವಿರವನ್ನು ಮುಟ್ಟುವಂತಿತ್ತು.

ಆ ಮಕ್ಕಳಲ್ಲಿ ಮಳೆಯನ್ನೇ ನಂಬಿದ ಶಿರಾ, ಪಾವಗಡ, ಮಧುಗಿರಿ ಕಡೆಯವರು ಎಷ್ಟು ಮಂದಿ! ತಗಡಿನ ಪೆಟ್ಟಿಗೆ, ಒಂದು ಜಮಖಾನೆ, ಒಂದು ತಟ್ಟೆ ಲೋಟ ಹೊತ್ತು ತಂದೆಯ ಹಿಂದೆ ಹೊರಟ ಹುಡುಗ ಮಠವನ್ನು ಸೇರುವ ಬಗೆ ಹೇಗೆ? ಕೊರಟಗೆರೆಯವನು ತುಮಕೂರಿಗೆ ಇಪ್ಪತ್ತೇಳು ಇಪ್ಪತ್ತೆಂಟು ಕಿಲೋಮೀಟರನ್ನು ಗಾಡಿಯಲ್ಲೋ ಕಾಲುನಡಿಗೆಯಲ್ಲೋ ಕ್ರಮಿಸಿಯಾನು. ಪಾವಗಡದವನಿಗೆ ನೂರು ಕಿಲೋಮೀಟರಿನ ಹಾದಿ. ಅವನು ರೈಲಿನಲ್ಲಿಯೇ ಬರುವೆನೆಂದರೆ ಮೊದಲು ಗಡಿ ದಾಟಿ ಹಿಂದೂಪುರಕ್ಕೆ ಹೋಗಬೇಕು, ಅಲ್ಲಿಂದ ದಕ್ಷಿಣಕ್ಕೆ ಯಶವಂತಪುರದವರೆಗೆ ಇಳಿಯಬೇಕು, ಅಲ್ಲಿ ಗಾಡಿ ಬದಲಿಸಿ ಮತ್ತೆ ವಾಯವ್ಯಕ್ಕೆ ಹೊರಳಿ ಕ್ಯಾತ್ಸಂದ್ರಕ್ಕೆ ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ! ತನ್ನದೇ ಜಿಲ್ಲೆಯ ಕೇಂದ್ರವನ್ನು ಸೇರಲು ಬೇರೊಂದು ಪ್ರಾಂತವನ್ನೂ ರಾಜಧಾನಿಯನ್ನೂ ಸುತ್ತಿ ಬರಬೇಕಾದ ತಾಲ್ಲೂಕು ರಾಜ್ಯದಲ್ಲಿ ಇನ್ನೊಂದಿದೆಯೋ ಇಲ್ಲವೋ. ಆದ್ದರಿಂದಲೇ ಮೋಟಾರು ಬಸ್ಸುಗಳು ಬಂದ ಮೇಲೆ ಈ ಸೀಮೆಯವರು ಠೇಸನ್ನಿನ ಗೊಡವೆಯನ್ನೇ ಬಿಟ್ಟರು. ಶಿವರಾತ್ರಿಯ ಸಿದ್ಧಗಂಗೆಯ ಜಾತ್ರೆಗೆ, ದನಗಳ ಪರಿಷೆಗೆ ಬರುವವರೂ ಲಾರಿ ಬಸ್ಸುಗಳನ್ನೇ ಹಿಡಿದರು.

ಅತ್ತ ರೈಲ್ವೆಯ ಒಡೆತನ ಕೈಯಿಂದ ಕೈಗೆ ಹೋಯಿತು: ೧೯೦೮ರಲ್ಲಿ ಮದರಾಸ್ ಮತ್ತು ಸದರ್ನ್ ಮರಾಠಾ, ೧೯೫೧ರಲ್ಲಿ ದಕ್ಷಿಣ ರೈಲ್ವೆ, ಕೊನೆಗೆ ೨೦೦೩ರಲ್ಲಿ ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತು. ಗುಂಡಿನ ಯಂತ್ರ, ಬೆತ್ತದ ಬಳೆ, ಕೈಮರಗಳು ಹೋಗಿ ಬಣ್ಣದ ದೀಪಗಳು ಬಂದವು. ವೇಗ ಹೆಚ್ಚಿದಷ್ಟೂ ಸಣ್ಣ ನಿಲ್ದಾಣಗಳ ಮೇಲೆ ಗಾಡಿಗಳ ಕರುಣೆ ಕಡಿಮೆಯಾಯಿತು.

ರಾಯದುರ್ಗದಿಂದ ಬರುವ ಹಳಿ

ಬಳ್ಳಾರಿಯಿಂದ ಹೊರಟ ಕವಲು ಹಾದಿಯೊಂದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಾಯದುರ್ಗವನ್ನು ಮುಟ್ಟಿ ಅಲ್ಲಿಯೇ ನಿಂತಿತ್ತು. ಕನ್ನಡ ತೆಲುಗುಗಳೆರಡೂ ಮನೆಮಾತಾದ ಆ ಗಡಿಯೂರು ಸುಮಾರು ಒಂದು ಶತಮಾನ ಕಾಲ ಹಳಿಯ ಕೊನೆಯಾಗಿಯೇ ಇದ್ದು, ೧೯೯೦ರ ದಶಕದಲ್ಲಿ ಚಿತ್ರದುರ್ಗದೊಡನೆ ಕೂಡಿಕೊಂಡಿತು. ಅಲ್ಲಿಂದ ಕಲ್ಯಾಣದುರ್ಗ, ಪಾವಗಡ, ಮಧುಗಿರಿ, ಕೊರಟಗೆರೆಗಳ ಮೂಲಕ ತುಮಕೂರಿಗೆ ಸುಮಾರು ೨೦೭ ಕಿಲೋಮೀಟರಿನ ಹೊಸ ಮಾರ್ಗವು ೨೦೦೭–೦೮ರ ಸಾಲಿನಲ್ಲಿ ಮಂಜೂರಾಯಿತು. ವೆಚ್ಚದಲ್ಲಿ ರಾಜ್ಯ ಸರಕಾರವೂ ಪಾಲು ಹೊರಬೇಕೆಂಬ ಒಪ್ಪಂದ. ಆಂಧ್ರದ ಕಡೆಯಿಂದ ಹಳಿ ಮೊದಲು ಮುಂದುವರಿದು ಕಲ್ಯಾಣದುರ್ಗವನ್ನು ದಾಟಿತು; ನಮ್ಮ ಕಡೆಯಲ್ಲಿ ಭೂಸ್ವಾಧೀನವೇ ವರ್ಷಗಳನ್ನು ನುಂಗಿತು. ಶಿರಾಕ್ಕೆ ೨೦೧೧–೧೨ರ ಸಾಲಿನಲ್ಲಿ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಮಂಜೂರಾಯಿತು. ೧೮೮೪ರ ತರುವಾಯ ಬಿಟ್ಟುಹೋದ ನೇರ ಹಾದಿಯನ್ನು ನೂರಿಪ್ಪತ್ತೇಳು ವರ್ಷಗಳ ಮೇಲೆ ಕಾಗದದ ಮೇಲಾದರೂ ಹಿಡಿದಂತಾಯಿತು. ೨೦೨೪ರ ಜೂನ್ ತಿಂಗಳಿನಲ್ಲಿ ತುಮಕೂರಿನ ಲೋಕಸಭಾ ಸದಸ್ಯರಾದ ಶ್ರೀ ವಿ. ಸೋಮಣ್ಣನವರು ರೈಲ್ವೆ ರಾಜ್ಯ ಸಚಿವರಾದ ಮೇಲೆ ಎರಡು ಮಾರ್ಗಗಳ ಕಡೆಗೂ ಜನರ ಕಣ್ಣು ಮತ್ತೆ ತಿರುಗಿತು.

ಭೂಸ್ವಾಧೀನದ ತಡಕ್ಕೆ ರೈತರನ್ನು ಹಳಿಯುವವರಿದ್ದಾರೆ. ಆ ಮಾತಿನಲ್ಲಿ ನ್ಯಾಯವಿಲ್ಲ. ತಾತನ ಹೆಸರಿನಲ್ಲಿಯೇ ಉಳಿದ ಪಹಣಿ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಆದ ವಿಭಾಗ, ಪೋಡಿಯಾಗದ ಸರ್ವೆ ನಂಬರು — ಇವು ನಮ್ಮ ಮನೆಮನೆಯ ಕಥೆ. ಕಚೇರಿಯವರು ನಕ್ಷೆಯ ಮೇಲೆ ಎಳೆದ ಗೆರೆಯೊಂದು ಹೊಲವನ್ನು ಓರೆಯಾಗಿ ಸೀಳಿದರೆ ಪರಿಹಾರ ಸಿಗುವುದು ಸೀಳಿದ ಪಟ್ಟಿಗೆ. ಅತ್ತ ಉಳಿದ ಮೂಲೆಗೆ ನೇಗಿಲು ತಿರುಗುವುದಿಲ್ಲ, ಇತ್ತ ಕೊಳವೆಬಾವಿಯ ನೀರು ಹಾಯುವುದಿಲ್ಲ. ಕೊರಟಗೆರೆಯ ಕಡೆ ಅಡಿಕೆ, ತೆಂಗಿನ ತೋಟವಿದ್ದವನಿಗೆ ಹೋದ ಮರ ಮತ್ತೆ ಫಲಕ್ಕೆ ಬರುವುದು ಮಗನ ಕಾಲಕ್ಕೆ.

ಪಾವಗಡದವರು ಇದನ್ನು ಇನ್ನೊಂದು ಅನುಭವದೊಡನೆ ತೂಗಿ ನೋಡುತ್ತಾರೆ. ತಿರುಮಣಿಯ ಸುತ್ತಲ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆಯಲ್ಲಿ ೨೦೧೯ರ ವೇಳೆಗೆ ಪೂರ್ಣವಾದ ೨,೦೫೦ ಮೆಗಾವಾಟಿನ ಸೌರವಿದ್ಯುತ್ ಉದ್ಯಾನಕ್ಕೆ ರೈತರ ಭೂಮಿಯನ್ನು ಕೊಂಡುಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಒಡೆತನ ಉಳಿಯಿತು, ಬರಗಾಲದಲ್ಲೂ ಬಾಡಿಗೆ ಬಂದಿತು. ಭೂಮಿಯಿಲ್ಲದ ಕೂಲಿಯವರ ಕೈಗೆ ಕೆಲಸ ತಪ್ಪಿತೆಂಬುದೂ ಅದರ ಇನ್ನೊಂದು ಮುಖ. ರೈಲಿನ ಹಳಿಗೆ ಗುತ್ತಿಗೆಯ ಮಾತಿಲ್ಲ, ಕೊಟ್ಟದ್ದು ಕೊಟ್ಟಂತೆಯೇ. ಹೀಗಿರುವಾಗ ಕೊಟ್ಟವನು ಕೇಳುವುದು ಒಂದೇ ಪ್ರಶ್ನೆ: ನನ್ನ ಹೊಲದ ಮೇಲೆ ಹಾಯುವ ಗಾಡಿ ನನ್ನ ಊರಿನ ಹತ್ತಿರ ನಿಲ್ಲುತ್ತದೆಯೆ?

ಹಳಿ ಹಾಯುವುದು ಬೇರೆ, ಗಾಡಿ ನಿಲ್ಲುವುದು ಬೇರೆ. ತೊಂಡೇಬಾವಿ, ಮಾಕಳಿದುರ್ಗ, ಕ್ಯಾತ್ಸಂದ್ರಗಳ ಚರಿತ್ರೆಯಿಂದ ನಾವು ಅರಿಯಬೇಕಾದುದು ಇದೇ. ಆ ಕಾಲದ ಕಂಪನಿಗೆ ಲಾಭದ ಆಸೆಯಿತ್ತು, ಆದರೆ ಅದರ ಗಾಡಿಗಳು ಹಳ್ಳಿಹಳ್ಳಿಗೂ ನಿಂತು ಹೋಗುತ್ತಿದ್ದವು. ಇಂಜಿನ್ನಿಗೆ ನೀರು ಬೇಕಾಗಿತ್ತು, ಗುಂಡು ಬದಲಿಸಬೇಕಾಗಿತ್ತು. ಇಂದಿನ ಗಾಡಿಗೆ ನೀರೂ ಬೇಡ, ಗುಂಡೂ ಬೇಡ. ನಿಲ್ಲಲು ಅದಕ್ಕೆ ಯಾವ ಕಾರಣವೂ ಇಲ್ಲ, ಜನ ಕೇಳಿದರೆಂಬ ಕಾರಣವೊಂದನ್ನುಳಿದು. ಆದುದರಿಂದ ನಿಲುಗಡೆಯ ಬೇಡಿಕೆಯನ್ನು ಗ್ರಾಮಸಭೆಗಳು ಈಗಲೇ ಬರೆದುಕೊಡಬೇಕು. ಬೆಳಿಗ್ಗೆ ತುಮಕೂರಿನ ಕಾಲೇಜಿಗೆ, ಕಚೇರಿಗೆ ಮುಟ್ಟಿಸಿ ಸಂಜೆ ಮರಳಿ ತರುವ ಒಂದು ಸಾಧಾರಣ ಪ್ಯಾಸೆಂಜರ್ ಗಾಡಿ ಹತ್ತು ಎಕ್ಸ್‌ಪ್ರೆಸ್ಸುಗಳಿಗಿಂತ ಮೇಲು. ನಿಲ್ದಾಣದಿಂದ ಊರಿಗೆ ಬಸ್ಸು ಹೋಗುವಷ್ಟು ಅಗಲದ ರಸ್ತೆ, ಹುಣಸೆ, ಕಡಲೆಕಾಯಿ ಇಳಿಸಲು ಒಂದು ಗೂಡ್ಸ್ ಷೆಡ್ಡು, ಶನಿವಾರಗಳಂದು ಪಾವಗಡದ ಶನೈಶ್ಚರನ ದರ್ಶನಕ್ಕೆ ನುಗ್ಗುವ ಜನಕ್ಕೆ ಸಾಕಾಗುವ ನೆರಳು ಮತ್ತು ಕುಡಿಯಲು ಯೋಗ್ಯವಾದ ನೀರು ಬೇಕು. ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದಿದ ತಾಲ್ಲೂಕಿನಲ್ಲಿ ನೀರಿನ ಮಾತನ್ನು ಒತ್ತಿ ಹೇಳಬೇಕಾಗಿದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನೂ ಕೊರಟಗೆರೆಯ ಸಿದ್ಧರಬೆಟ್ಟವನ್ನೂ ನೋಡಲು ಬರುವವರು ಬರಲಿ, ಅವರಿಗೂ ಸ್ಥಳವಿರಲಿ. ಆದರೆ ವೇಳಾಪಟ್ಟಿ ತಯಾರಾಗುವಾಗ ಹೊಲ ಕೊಟ್ಟವರ ಮಕ್ಕಳ ಶಾಲೆಯ ಗಂಟೆಯನ್ನು ಮೊದಲು ನೋಡಬೇಕು.

ಎರಡು ತುದಿಗಳೂ ಕೂಡಿದ ದಿನ ಪಾವಗಡದ ಹುಡುಗ ತನ್ನ ಪೆಟ್ಟಿಗೆಯೊಡನೆ ಗಾಡಿಯನ್ನೇರಿ ಮಧುಗಿರಿ, ಕೊರಟಗೆರೆಗಳನ್ನು ದಾಟಿ ತುಮಕೂರಿನಲ್ಲಿ ಇಳಿಯುತ್ತಾನೆ. ಕ್ಯಾತ್ಸಂದ್ರ ಅಲ್ಲಿಂದ ಒಂದೇ ನಿಲ್ದಾಣ.